ಮನೆತನದ ಕಾಯಿಲೆಗಳ ಹಾಳೆ: ಕಾರವಾರಕ್ಕೆ ಹೊಸದಾಗಿ ಬಂದವರಿಗೆ

ಕೈಗಾಕ್ಕೋ ನೌಕಾನೆಲೆಗೋ ಸರ್ಕಾರಿ ಕಚೇರಿಗೋ ವರ್ಗವಾಗಿ ಬಂದವರು ನಮ್ಮ ಸಂಘದಲ್ಲಿ ಮೊದಲು ವಿಚಾರಿಸುವುದು ಬಾಡಿಗೆ ಮನೆ, ಶಾಲೆ, ಗ್ಯಾಸ್. ಅದರ ಜೊತೆಗೇ ಇನ್ನೊಂದು ಕೆಲಸ ಮಾಡಿಕೊಳ್ಳಿ. ನಿಮ್ಮ ಮನೆತನದಲ್ಲಿ ಯಾರಿಗೆ ಯಾವ ಕಾಯಿಲೆ, ಎಷ್ಟನೇ ವಯಸ್ಸಿಗೆ ಬಂತು ಎಂದು ಒಂದು ಹಾಳೆಯಲ್ಲಿ ಬರೆದಿಡಿ.

ಊರಲ್ಲಿದ್ದಾಗ ಇದರ ಅಗತ್ಯ ಬಿದ್ದಿರಲಿಕ್ಕಿಲ್ಲ. ಅಲ್ಲಿನ ಡಾಕ್ಟರು ನಿಮ್ಮಜ್ಜನಿಗೂ ಇಂಜೆಕ್ಷನ್ ಕೊಟ್ಟವರು. ಇಲ್ಲಿ ಕ್ರಿಮ್ಸ್ (ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಓಪಿಡಿಯಲ್ಲಿ ಚೀಟಿ ಹಿಡಿದು ಕೂತರೆ ಎದುರಿನ ವೈದ್ಯರಿಗೆ ನಿಮ್ಮ ಹೆಸರೇ ಹೊಸದು.

ನಾನು ಧಾರವಾಡದಿಂದ ಬಂದ ಮೊದಲ ಮಳೆಗಾಲ, ಒಂದು ರಾತ್ರಿ ಎದೆ ಬಿಗಿದು ಆಸ್ಪತ್ರೆ ಸೇರಿದೆ. ಇಸಿಜಿ ಪಟ್ಟಿ ನೋಡುತ್ತ ಡ್ಯೂಟಿ ಡಾಕ್ಟರು, "ತಂದೆಗೆ ಏನಾಗಿತ್ತು?" ಎಂದರು. "ಹಾರ್ಟ್‌ಫೇಲ್" ಎಂದೆ. "ಆಗ ವಯಸ್ಸೆಷ್ಟು? ಮೊದಲೇನಾದರೂ ತೊಂದರೆ ಇತ್ತಾ?" ನನ್ನ ಬಳಿ ಉತ್ತರವಿರಲಿಲ್ಲ. ನನ್ನ ಹೆಂಡತಿ ಹೊರಗಿನ ಬೆಂಚಿನಿಂದ ನಮ್ಮ ಸೋದರತ್ತೆಗೆ ಫೋನ್ ಹಚ್ಚಿದಳು. ನಿದ್ದೆಗಣ್ಣಲ್ಲೇ ಅತ್ತೆ ಹೇಳಿದ್ದು: "ನಮ್ಮಣ್ಣಗ ಆಗ ನಲವತ್ತಾರು ನೋಡವಾ. ಅದಕ್ಕೂ ಎರಡು ವರ್ಷ ಮೊದಲ ಒಮ್ಮೆ ಎದಿ ಹಿಡದಿತ್ತು. ಮಕ್ಕಳಿಗೆ ಹೇಳಬ್ಯಾಡ ಅಂದಿದ್ದ." ಅದನ್ನು ಕೇಳಿದ ಡಾಕ್ಟರು ನನ್ನನ್ನು ಮನೆಗೆ ಬಿಡಲಿಲ್ಲ. ಬೆಳಗಿನವರೆಗೆ ಇಟ್ಟುಕೊಂಡು ಮತ್ತೆ ಇಸಿಜಿ, ರಕ್ತ ಪರೀಕ್ಷೆ ಮಾಡಿಸಿದರು. ಹೃದಯಾಘಾತ ಆಗಿರಲಿಲ್ಲ, ಆದರೆ ಕೊಲೆಸ್ಟ್ರಾಲ್ ಬಹಳ ಏರಿತ್ತು. ಅಂದಿನಿಂದ ಮಾತ್ರೆ ನಡೆದಿದೆ.

ಇದರಲ್ಲಿ ವಯಸ್ಸೇ ಮುಖ್ಯ. ಅಪ್ಪ, ಅಣ್ಣತಮ್ಮಂದಿರಿಗೆ 55ರ ಒಳಗೆ, ಅವ್ವ, ಅಕ್ಕತಂಗಿಯರಿಗೆ 65ರ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ ವೈದ್ಯರು ಅದನ್ನು ನಿಮಗೂ ಅಪಾಯದ ಸೂಚನೆ ಎಂದು ಹಿಡಿಯುತ್ತಾರೆ. 80ಕ್ಕೆ ಬಂದದ್ದಕ್ಕೆ ಅಷ್ಟು ತೂಕವಿಲ್ಲ. ಅಪ್ಪನಿಗೋ ಅವ್ವನಿಗೋ ದೊಡ್ಡ ಕರುಳಿನ ಕ್ಯಾನ್ಸರ್ ಆಗಿದ್ದರೆ, ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಮಕ್ಕಳ ತಪಾಸಣೆ ಶುರುಮಾಡಲು ಹೇಳುವುದುಂಟು.

ತಾಯಿಯ ಕಡೆಯದನ್ನು ಬಿಡಬೇಡಿ. ವಂಶ ಎಂದರೆ ಅಪ್ಪನ ಸಾಲು ಎಂಬ ರೂಢಿಯಲ್ಲಿ ಅವ್ವನ ತವರಿನ ಸಂಗತಿ ಹಾಳೆಗೆ ಬರುವುದೇ ಇಲ್ಲ. ಮಕ್ಕಳಿಗೆ ಬರುವುದು ಎರಡೂ ಕಡೆಯಿಂದ ಅರ್ಧರ್ಧ. ಹಾಗೆಯೇ ಸ್ತನ ಕ್ಯಾನ್ಸರ್ ಅಪ್ಪನ ತಂಗಿಗೆ ಆಗಿದ್ದರೂ ಮಗಳ ಲೆಕ್ಕಕ್ಕೆ ಸೇರಬೇಕು. ಸಕ್ಕರೆ ಕಾಯಿಲೆ, ಬಿಪಿ, ಲಕ್ವ, ಗ್ಲಾಕೋಮಾ (ಕಣ್ಣಿನ ನರ ಹಾಳಾಗಿ ದೃಷ್ಟಿ ಕುಂದುವ ಕಾಯಿಲೆ) ಇವೂ ಇರಲಿ. ಆಪರೇಷನ್‌ನಲ್ಲಿ ಅರಿವಳಿಕೆ ಕೊಟ್ಟಾಗ ಮನೆಯಲ್ಲಿ ಯಾರಿಗಾದರೂ ತೊಂದರೆಯಾಗಿದ್ದರೆ ತಪ್ಪದೆ ಬರೆಯಿರಿ.

ಸೋದರಿಕೆಯಲ್ಲಿ ಮದುವೆಯಾದವರು ರಕ್ತದ ಕಾಯಿಲೆಗಳ ಬಗ್ಗೆ ವಿಶೇಷವಾಗಿ ವಿಚಾರಿಸಿ. ಥಲಸ್ಸೇಮಿಯಾ ಎಂಬುದು ಮೈಯಲ್ಲಿ ಸರಿಯಾದ ರಕ್ತ ತಯಾರಾಗದ, ವಂಶದಲ್ಲಿ ಬರುವ ಕಾಯಿಲೆ. ಗಂಡ ಹೆಂಡತಿ ಇಬ್ಬರೂ ಅದರ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆ ಇಲ್ಲದೆ ಅದರ ಜೀನ್ ಮಾತ್ರ ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕರು ನೋಡಲು ಆರೋಗ್ಯವಾಗಿಯೇ ಇರುತ್ತಾರೆ, ರಕ್ತ ಪರೀಕ್ಷೆಯಿಂದಲೇ ತಿಳಿಯಬೇಕು.

ಹಿರಿಯರು ಕಾಯಿಲೆಯ ಹೆಸರು ಹೇಳಲು ಹಿಂಜರಿಯುತ್ತಾರೆ. "ಕೆಟ್ಟ ಗಂಟಾಗಿತ್ತು", "ಗಾಳಿ ಬಡಿದಿತ್ತು" ಎಂದು ಮಾತು ತೇಲಿಸುತ್ತಾರೆ. ಒತ್ತಾಯ ಬೇಡ. ಜಾತ್ರೆಗೋ ದೀಪಾವಳಿಗೋ ಊರಿಗೆ ಹೋದಾಗ ಅಡುಗೆಮನೆಯಲ್ಲಿ ಕೂತು ಕೇಳಿ, ಮಾತ್ರೆ ಡಬ್ಬಿಯ ಮತ್ತು ಹಳೆಯ ಡಿಸ್ಚಾರ್ಜ್ ಚೀಟಿಯ ಫೋಟೋ ತೆಗೆದುಕೊಳ್ಳಿ. ನಮ್ಮ ಅನುಭವದಲ್ಲಿ ಮನೆಯ ಹೆಂಗಸರಿಗೆ ಇದೆಲ್ಲ ಹೆಚ್ಚು ನೆನಪಿರುತ್ತದೆ.

ದೊಡ್ಡ ಚಿಕಿತ್ಸೆಗೆ ಕಾರವಾರದಿಂದ ಗೋವಾಕ್ಕೋ ಮಣಿಪಾಲಕ್ಕೋ, ಇಲ್ಲವೇ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೋ ಓಡುವ ಪ್ರಸಂಗ ಬರುತ್ತದೆ. ಗೋವಾದಲ್ಲಿ ಕನ್ನಡ ಓದುವವರು ಸಿಗದಿರಬಹುದು, ಕಾಯಿಲೆಯ ಹೆಸರನ್ನು ಇಂಗ್ಲಿಷಿನಲ್ಲೂ ಬರೆದಿರಿ. ಹಾಳೆಯನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲೇ ಇಡಿ, ಫೋಟೋ ಗಂಡ ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇರಲಿ. ಬರೆಯಲು ಕಷ್ಟವೆನಿಸಿದರೆ ಸಂಘಕ್ಕೆ ಬನ್ನಿ, ಜೊತೆಗೆ ಕೂತು ಬರೆಯೋಣ. ಊರಿನ ಅತ್ತೆಯೋ ಚಿಕ್ಕಮ್ಮನೋ ಇದ್ದರೆ ಇವತ್ತೇ ಸಂಜೆ ಫೋನ್ ಮಾಡಿ.