ಮಂಜುಗಡ್ಡೆಯ ಹಿಡಿತ ಅಳೆಯುವ ಕೆಲಸ

ವಿಮಾನದ ರೆಕ್ಕೆಗೆ, ಗಾಳಿಯಂತ್ರದ ಅಲಗಿಗೆ ಬಳಿಯುವ ಲೇಪನಗಳಲ್ಲಿ ಯಾವುದರಿಂದ ಮಂಜುಗಡ್ಡೆ ಸುಲಭವಾಗಿ ಬಿಡುತ್ತದೆ ಎಂದು ತಿಳಿಯಲು ನಾನು ಪಕ್ಕದಿಂದ ತಳ್ಳುವ ವಿಧಾನವನ್ನು ಬಳಸುತ್ತೇನೆ. ವಿದ್ಯುತ್ ಹರಿಸಿದಾಗ ತಣ್ಣಗಾಗುವ ಪೆಲ್ಟಿಯರ್ ತಟ್ಟೆಯ ಮೇಲೆ ಲೇಪನ ಬಳಿದ ಮಾದರಿಯನ್ನು ಬಿಗಿದು, ತಳವಿಲ್ಲದ ಒಂದು ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಅಚ್ಚನ್ನು ಅದರ ಮೇಲಿಡುತ್ತೇನೆ. ಕರಗಿದ ಗಾಳಿ ಹೋಗಲೆಂದು ಕುದಿಸಿ ಆರಿಸಿದ ಶುದ್ಧ ನೀರನ್ನು ತುಂಬಿ, ಮೈನಸ್ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ ಗಟ್ಟಿಯಾಗಲು ಬಿಡುತ್ತೇನೆ. ಆಮೇಲೆ ಬಲಮಾಪಕದ ಕಡ್ಡಿ ಅಚ್ಚನ್ನು ನಿಧಾನವಾಗಿ ತಳ್ಳುತ್ತದೆ. ಗಡ್ಡೆ ಕಳಚುವ ಕ್ಷಣದ ಗರಿಷ್ಠ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಲೆಕ್ಕ ಸಿಕ್ಕಿತು: ಈ ಅಚ್ಚಿನಲ್ಲಿ 10 ನ್ಯೂಟನ್ ಎಂದರೆ 100 ಕಿಲೋಪಾಸ್ಕಲ್. ಅದಕ್ಕಿಂತ ಕೆಳಗಿದ್ದರೆ ಒಳ್ಳೆಯ ಲೇಪನ ಎನ್ನುವುದು ರೂಢಿ. ಬರಿಯ ಅಲ್ಯೂಮಿನಿಯಂ ಸಾಮಾನ್ಯವಾಗಿ ಹಲವು ನೂರು ಕಿಲೋಪಾಸ್ಕಲ್ ತೋರಿಸುತ್ತದೆ.

ಆದರೆ ಕಡ್ಡಿ ಎಷ್ಟು ಎತ್ತರದಲ್ಲಿ ತಾಗಿತು ಎಂದು ಹೇಳದ ಅಂಕಿಯನ್ನು ನಾನು ನಂಬುವುದಿಲ್ಲ. ಮೇಲಕ್ಕೆ ತಾಗಿದಷ್ಟೂ ಗಡ್ಡೆ ಜಾರುವ ಬದಲು ಮಗುಚುತ್ತದೆ, ಹಿಂಬದಿಯ ಅಂಚು ಎದ್ದು ಬಿರುಕು ಬಿಡುತ್ತದೆ, ಅಳತೆ ಕಡಿಮೆ ಬರುತ್ತದೆ. ಕೆಟ್ಟ ಲೇಪನವೂ ಆಗ ಒಳ್ಳೆಯದಾಗಿ ಕಾಣುತ್ತದೆ. ಹಾಗಾಗಿ ಪ್ರತಿ ಸಲವೂ ಒಂದು ಮಿಲಿಮೀಟರ್ ದಪ್ಪದ ಫೀಲರ್ ಗೇಜ್ (ಸಂದು ಅಳೆಯುವ ಲೋಹದ ಪಟ್ಟಿ) ಇಟ್ಟು ಎತ್ತರವನ್ನು ಹೊಂದಿಸಿಕೊಳ್ಳುತ್ತೇನೆ.

ಬೆಂಗಳೂರಿನ ಮಳೆಗಾಲದಲ್ಲಿ ಗಾಳಿಯ ತೇವ ಹರಳುಗಟ್ಟಿ ತಣ್ಣಗಿನ ತಟ್ಟೆ ಕ್ಷಣದಲ್ಲೇ ಬೆಳ್ಳಗಾಗುತ್ತದೆ. ಅಚ್ಚಿನ ಸುತ್ತ ಬೆಳೆದ ಆ ಹರಳುಗಳೂ ಗಡ್ಡೆಯನ್ನು ಹಿಡಿದುಕೊಳ್ಳುತ್ತವೆ. ಆದ್ದರಿಂದ ಇಡೀ ಉಪಕರಣ ಅಕ್ರಿಲಿಕ್ ಪೆಟ್ಟಿಗೆಯೊಳಗಿದೆ, ಅದರೊಳಗೆ ಒಣ ನೈಟ್ರೋಜನ್ ಹರಿಯುತ್ತಿರುತ್ತದೆ.

ಕಳಚಿದ ಜಾಗದ ಫೋಟೋ ತೆಗೆಯದೆ ಮುಂದಿನ ಮಾದರಿಗೆ ಹೋಗುವುದಿಲ್ಲ. ಮಾದರಿಯ ಮೇಲೆ ಮಂಜುಗಡ್ಡೆಯ ಪದರ ಉಳಿದಿದ್ದರೆ ಗಡ್ಡೆಯೇ ಒಡೆದಿದೆ ಎಂದರ್ಥ. ಹಿಡಿತ ಎಷ್ಟಿತ್ತು ಎಂಬುದು ಆ ಅಂಕಿಯಿಂದ ಗೊತ್ತಾಗದು. ಅಂಥವನ್ನು ಬೇರೆ ಕಾಲಂನಲ್ಲಿ ಬರೆಯುತ್ತೇನೆ, ಸರಾಸರಿಗೆ ಸೇರಿಸುವುದಿಲ್ಲ. ಸಿಲಿಕೋನ್ ರಬ್ಬರಿನಂಥ ಮೆತ್ತನೆಯ ಲೇಪನಗಳಲ್ಲಿ ತಳ್ಳುವ ವೇಗ ಬದಲಾದರೆ ಉತ್ತರವೂ ಬದಲಾಗುತ್ತದೆ, ಅದಕ್ಕಾಗಿ ಎಲ್ಲಕ್ಕೂ ಸೆಕೆಂಡಿಗೆ 0.1 ಮಿಲಿಮೀಟರ್. ನೀರಹನಿ ಉರುಳಿಹೋಗುವ ಒರಟು ಮೇಲ್ಮೈಗಳ ಬಗ್ಗೆ ಬಹಳ ಜನರಿಗೆ ಭರವಸೆಯಿದೆ. ಆದರೆ ತೇವ ಅವುಗಳ ಸಂದುಗಳಲ್ಲೇ ಹೆಪ್ಪುಗಟ್ಟಿದಾಗ ಗಡ್ಡೆ ಬೇರು ಬಿಟ್ಟಂತೆ ಕೂರುತ್ತದೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡವೊಂದು 2019ರಲ್ಲಿ ತೋರಿಸಿದ ಸಂಗತಿ ನನ್ನ ಕೆಲಸವನ್ನು ಬದಲಿಸಿತು: ಕೆಲವು ಲೇಪನಗಳಲ್ಲಿ ಒಂದು ಉದ್ದವನ್ನು ದಾಟಿದ ಮೇಲೆ, ಗಡ್ಡೆ ಎಷ್ಟೇ ದೊಡ್ಡದಾದರೂ ಕಳಚಲು ಬೇಕಾದ ಬಲ ಹೆಚ್ಚುವುದಿಲ್ಲ. ಚಿಕ್ಕ ಚೌಕದಲ್ಲಿ ಅದು ಗೊತ್ತಾಗುವುದೇ ಇಲ್ಲ. ಈಗ ಚೌಕದ ಜೊತೆಗೆ ಬೇರೆ ಬೇರೆ ಉದ್ದದ ಪಟ್ಟಿಗಳನ್ನೂ ಹೆಪ್ಪುಗಟ್ಟಿಸಿ, ಉದ್ದಕ್ಕೆ ಎದುರಾಗಿ ಬಲದ ನಕ್ಷೆ ಬರೆಯುತ್ತೇನೆ.