ಕೈಕೆಲಸ ಬಲ್ಲ ಅಪ್ಪನ ನೆನಪನ್ನು ಬರೆದಿಡುವ ಬಗೆ

ಕಾಸರಗೋಡಿನ ನೀರ್ಚಾಲು, ಬದಿಯಡ್ಕ, ಪೆರ್ಲದ ಕಡೆ ಗಲ್ಫಿನಲ್ಲಿ ದುಡಿದು ಸಂಸಾರ ಸಾಕಿದ ಗಂಡಸರು ಮನೆಗೊಬ್ಬರಂತೆ ಸಿಗುತ್ತಾರೆ. ಅವರು ತೀರಿಕೊಂಡಾಗ ಪತ್ರಿಕೆಗೆ ಕೊಡುವ ನಾಲ್ಕು ಸಾಲು ಮಾತ್ರ ಎಲ್ಲರದೂ ಒಂದೇ: ಶ್ರಮಜೀವಿ, ಸರಳ ಸ್ವಭಾವದವರು, ಪತ್ನಿ ಹಾಗೂ ಮಕ್ಕಳನ್ನು ಅಗಲಿದ್ದಾರೆ. ನಮ್ಮವರು, ಎಂದರೆ ನನ್ನ ಗಂಡ, ಮಸ್ಕತ್ತಿನಲ್ಲಿ ಪಂಪು, ಜನರೇಟರುಗಳ ಮೆಕ್ಯಾನಿಕ್ ಆಗಿದ್ದರು. ಅವರ ಬಗ್ಗೆ ಆ ನಾಲ್ಕು ಸಾಲು ನನಗೆ ಸಾಲಲಿಲ್ಲ. ನಾನೂ ಮಕ್ಕಳೂ ಸೇರಿ ಒಂದು ದಪ್ಪ ನೋಟ್‌ಪುಸ್ತಕ ತುಂಬಿಸಿದೆವು. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಹೀಗೆ ಮಾಡಿ.

ಮೊದಲು ಹಳೆಯ ಪಾಸ್‌ಪೋರ್ಟ್‌ಗಳನ್ನು ಹುಡುಕಿ. ಹೋದ ದಿನ, ಬಂದ ದಿನ ಎಲ್ಲವೂ ಮುದ್ರೆಗಳಲ್ಲಿವೆ. ನಮ್ಮವರ ಮುದ್ರೆಗಳೆಲ್ಲ ಬೊಂಬಾಯಿಯವು. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಗಲ್ಫಿಗೆ ನೇರ ವಿಮಾನ ಹೊರಟದ್ದು 2006ರಲ್ಲಿ. ಅದಕ್ಕೆ ಮೊದಲು ಬೊಂಬಾಯಿ ತಲುಪುವುದೇ ಒಂದು ಪ್ರಯಾಣವಾಗಿತ್ತು. ಒಂದೊಂದು ರಜೆಯ ತಾರೀಕಿನ ಎದುರು ಆ ರಜೆಯಲ್ಲಿ ಮನೆಯಲ್ಲಿ ಆದ ಕೆಲಸವನ್ನು ಬರೆಯಿರಿ: ಹಟ್ಟಿಗೆ ಹಂಚು ಹಾಕಿದ್ದು, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರನ್ನು ಪೈಪಿನಲ್ಲಿ ಅಡುಗೆಮನೆಗೆ ತಂದದ್ದು, ಮಗಳ ತೊಟ್ಟಿಲಿನ ಕಾಲು ಸರಿಮಾಡಿದ್ದು. ಅವರಿಲ್ಲದ ತಿಂಗಳುಗಳನ್ನೂ ಖಾಲಿ ಬಿಡಬೇಡಿ. ಆಗ ತೋಟ ನೋಡಿದವರು ಯಾರು, ಮಗುವಿಗೆ ಜ್ವರ ಬಂದಾಗ ಜೀಪು ಕರೆತಂದವರು ಯಾರು ಎಂಬುದೂ ಅವರ ದುಡಿಮೆಯ ಕಥೆಯೇ. ಚಾಲ್ತಿಯಲ್ಲಿದ್ದ ಪಾಸ್‌ಪೋರ್ಟನ್ನು ಪಾಸ್‌ಪೋರ್ಟ್ ಕಚೇರಿಗೆ ಒಪ್ಪಿಸಿ ರದ್ದು ಮಾಡಿಸಬೇಕು. ರದ್ದಾದದ್ದನ್ನು ನೆನಪಿಗಾಗಿ ಹಿಂದಕ್ಕೆ ಕೇಳಿಕೊಳ್ಳಿ.

ಇನ್ನು ಕ್ಯಾಸೆಟ್. ಫೋನು ದುಬಾರಿಯಾಗಿದ್ದ ಕಾಲದಲ್ಲಿ ಊರಿಗೆ ಬರುವವರ ಕೈಯಲ್ಲಿ ಮಾತು ತುಂಬಿದ ಕ್ಯಾಸೆಟ್ ಕಳುಹಿಸುತ್ತಿದ್ದರು. ನಿಮ್ಮ ಅಟ್ಟದಲ್ಲೂ ಒಂದೆರಡು ಇರಬಹುದು. ಈ ಕೆಲಸವನ್ನು ಬೇಸಗೆಯಲ್ಲಿ ಮಾಡಿ, ನಮ್ಮ ಮಳೆಗಾಲದ ತೇವಕ್ಕೆ ಟೇಪು ಬೂಸಲು ಹಿಡಿಯುತ್ತದೆ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ಚೂರುಗಳನ್ನು ಮೊಟ್ಟಮೊದಲು ಮುರಿಯಿರಿ. ಆಮೇಲೆ ಯಾರು ಯಾವ ಗುಂಡಿ ಒತ್ತಿದರೂ ಹಳೆಯ ಧ್ವನಿಯ ಮೇಲೆ ಹೊಸದು ಕೂರುವುದಿಲ್ಲ. ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿ ಹುಡಿ ಕಂಡರೆ ಪ್ಲೇಯರಿಗೆ ಹಾಕಬೇಡಿ, ಬಲ್ಲವರಿಗೇ ಕೊಡಿ. ಟೇಪು ಸಡಿಲವಾಗಿದ್ದರೆ ಪೆನ್ಸಿಲ್ ತೂರಿಸಿ ಬಿಗಿಮಾಡಿ. ಟೇಪು ಹೊರಗೆ ಕಾಣುವ ಅಂಚಿನ ನಡುವೆ, ತಾಮ್ರದ ಪಟ್ಟಿಯ ಮೇಲಿರುವ ಉಗುರಿನಷ್ಟು ಉಣ್ಣೆಯ ತುಂಡು ಉದುರಿದ್ದರೆ ಮಾತು ಗೊಗ್ಗರಾಗಿ ಕೇಳುತ್ತದೆ. ಆಗ ಸ್ಕ್ರೂ ಬಿಚ್ಚಿ ಸುರುಳಿಗಳನ್ನು ಬೇರೆ ಒಳ್ಳೆಯ ಕ್ಯಾಸೆಟ್ಟಿನ ಕವಚಕ್ಕೆ ವರ್ಗಾಯಿಸಬೇಕು. ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಧ್ವನಿ ಒಳಬರುವ ತೂತಿಗೆ ವಯರ್ ಕೊಡಿ. ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಆಡಾಸಿಟಿ (Audacity) ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಧ್ವನಿಯನ್ನು ಅರ್ಧಕ್ಕಿಟ್ಟು ಒಂದು ನಿಮಿಷ ಪರೀಕ್ಷಿಸಿ, ಆಮೇಲೆ ಒಂದು ಬದಿಯನ್ನು ಒಂದೇ ಸಲ ಇಳಿಸಿಕೊಳ್ಳಿ. 60 ನಿಮಿಷದ ಕ್ಯಾಸೆಟ್ಟಾದರೆ ಬದಿಗೆ 30 ನಿಮಿಷ.

ನಡುವಿನ ಮೌನವನ್ನಾಗಲಿ ಹಿಂದಿನ ಗದ್ದಲವನ್ನಾಗಲಿ ಕತ್ತರಿಸಬೇಡಿ. ನಮ್ಮ ಕ್ಯಾಸೆಟ್ಟಿನಲ್ಲಿ ಜನರೇಟರಿನ ಸದ್ದಿನ ನಡುವೆ ಇವರು ಮಗನಿಗೆ ಹೇಳುತ್ತಾರೆ: "ಪಂಪಿಗೆ ನೀರು ತುಂಬಿಸಿ ಸ್ವಲ್ಪ ಹೊತ್ತು ಕಾದು ನೋಡು. ನೀರು ಕೆಳಗಿಳಿದರೆ ಫುಟ್‌ವಾಲ್ವಿನ ಚರ್ಮ ಹೋಗಿದೆ ಎಂದು ಲೆಕ್ಕ. ಮೋಟಾರನ್ನು ಬಿಚ್ಚಬೇಡ, ಪಾಪ, ಅದರ ತಪ್ಪಲ್ಲ." ಮಗ ಇಂದಿಗೂ ಪಂಪು ನೀರೆತ್ತದಿದ್ದರೆ ಮೊದಲು ನೋಡುವುದು ನೀರಿನೊಳಗಿನ ಪೈಪಿನ ತುದಿಯಲ್ಲಿರುವ ಆ ಫುಟ್‌ವಾಲ್ವನ್ನೇ. ಅವರ ಮಾತನ್ನು ನಾನು ಅಕ್ಷರಕ್ಕಕ್ಷರ ಬರೆದಿಟ್ಟಿದ್ದೇನೆ. ಅದು ಯಾವ ಹೊಗಳಿಕೆಗಿಂತಲೂ ಹೆಚ್ಚಿನದು.

ಹತ್ಯಾರಗಳ ತುಕ್ಕನ್ನು ಸೀಮೆಎಣ್ಣೆ ಹಚ್ಚಿ ನಯವಾದ ಮರಳುಕಾಗದದಿಂದ ತೆಗೆದು, ಒರೆಸಿ, ಮೆಷಿನ್ ಎಣ್ಣೆ ಸವರಿದರೆ ಸಾಕು. ಹಿಡಿಯ ಮೇಲೆ ಅವರು ಬಣ್ಣದಲ್ಲಿ ಬರೆದ ಗುರುತನ್ನು ಉಜ್ಜಬೇಡಿ. ಪೆಟ್ಟಿಗೆಗೆ ಬೀಗ ಹಾಕಿಡುವುದು ನನಗೆ ಒಪ್ಪಿಗೆಯಿಲ್ಲ, ಸ್ಪ್ಯಾನರು ಇರುವುದು ನಟ್ಟು ತಿರುಗಿಸಲಿಕ್ಕೆ.

ಅವರ ಕೈಬರಹದ ಲೆಕ್ಕಗಳನ್ನು ಫೋಟೊ ತೆಗೆದು ಪುಸ್ತಕಕ್ಕೆ ಅಂಟಿಸಿ. ನಮ್ಮಲ್ಲಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಡಿಕೆಯ ಮದ್ದಿನ ಅಳತೆ ಸಿಕ್ಕಿತು: 1 ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಬೇರೆ 50 ಲೀಟರಿನಲ್ಲಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಅದರ ಕೆಳಗೆ "ಕತ್ತಿ ಅದ್ದಿ ನೋಡುವುದು" ಎಂದಿದೆ. ಹೊಳೆಯುವ ಕಬ್ಬಿಣದ ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು ಎಂದರ್ಥ. ಕೊಳೆರೋಗಕ್ಕೆ ಮದ್ದು ಬಿಡುವ ಮೊದಲು ನಾವು ಈಗಲೂ ಹಾಗೆಯೇ ನೋಡುತ್ತೇವೆ.

ನೆರೆಕರೆಯವರನ್ನೂ ಜೊತೆಗೆ ದುಡಿದವರನ್ನೂ ಕೇಳುವಾಗ "ಅವರು ಹೇಗಿದ್ದರು?" ಎನ್ನಬೇಡಿ. ಒಳ್ಳೆಯವರು ಎಂಬ ಉತ್ತರವೇ ಬರುತ್ತದೆ. "ನಿಮಗೆ ಏನು ರಿಪೇರಿ ಮಾಡಿಕೊಟ್ಟರು?" ಎಂದು ಕೇಳಿ. ಆಚೆಮನೆಯ ಅಕ್ಕ ಕೂಡಲೇ ಎದ್ದು ಹೋಗಿ ಗ್ರೈಂಡರ್ ತೋರಿಸಿದರು. ಊರಿಗೆ ಬಂದ ಮರುದಿನವೇ ಅದರ ಬೆಲ್ಟು ಹಾಕಿಕೊಟ್ಟು, ಒಂದು ಲೋಟ ಮಜ್ಜಿಗೆ ಕುಡಿದು ಹೋಗಿದ್ದರಂತೆ.

ಬರೆಯುವಾಗ ಶ್ರಮಜೀವಿ ಎಂಬ ಪದ ಬಂದಲ್ಲೆಲ್ಲ ಹೊಡೆದುಹಾಕಿ, ಅಲ್ಲಿ ಒಂದು ಕೆಲಸವನ್ನು ಬರೆಯಿರಿ. ನನ್ನ ಮೊಮ್ಮಗಳು ಮಲಯಾಳ ಮಾಧ್ಯಮದಲ್ಲಿ ಕಲಿಯುತ್ತಿದ್ದಾಳೆ, ಕನ್ನಡ ಚೆನ್ನಾಗಿ ಮಾತನಾಡುತ್ತಾಳೆ, ಓದುವಾಗ ತಡವರಿಸುತ್ತಾಳೆ. ಗಡಿಯ ಮನೆಗಳಲ್ಲಿ ಇದು ಸಾಮಾನ್ಯ. ಆದ್ದರಿಂದ ಪುಸ್ತಕ ಮುಗಿದ ಮೇಲೆ ಮನೆಯ ಹಿರಿಯರೊಬ್ಬರು ಅದನ್ನು ಗಟ್ಟಿಯಾಗಿ ಓದಲಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕ್ಯಾಸೆಟ್ಟಿನಿಂದ ಇಳಿಸಿದ ಧ್ವನಿಯನ್ನೂ ಅದರ ಜೊತೆಗಿಟ್ಟು ಪ್ರತಿಯೊಬ್ಬ ಮಕ್ಕಳಿಗೂ ಒಂದೊಂದು ಪ್ರತಿ ಕೊಡಿ.