ಮಣ್ಣಿಗೆ ಮಣ್ಣು ಹಾಕಿ ಗೆದ್ದೆ: ವ್ಯಾಮ್ ಜೊತೆ ನನ್ನ ನಾಲ್ಕು ವರ್ಷ

"ಏನ್ರೀ, ಮಣ್ಣಿಗೆ ಮಣ್ಣು ಹಾಕ್ತಾ ಇದ್ದೀರಾ?" ಪಕ್ಕದ ಮನೆಯ ಹಿರಿಯರು ಕಾಂಪೌಂಡ್ ಮೇಲಿಂದ ಇಣುಕಿ ನಕ್ಕಿದ್ದು ನಾಲ್ಕು ವರ್ಷದ ಹಿಂದೆ. ಕಳೆದ ತಿಂಗಳು ಅದೇ ಹಿರಿಯರು ಖಾಲಿ ಪೇಂಟ್ ಡಬ್ಬ ಹಿಡಿದು ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ವ್ಯಾಮ್ ಬಗ್ಗೆ ಇಲ್ಲಿ ಉದ್ದನೆಯ ಪಾಠ ಮಾಡುವುದಿಲ್ಲ. ಗಿಡದ ಬೇರಿನಲ್ಲಿ ಮನೆ ಮಾಡಿ, ಮಣ್ಣಿನ ರಂಜಕವನ್ನು (ಫಾಸ್ಫರಸ್) ಗಿಡಕ್ಕೆ ತಂದುಕೊಡುವ ಶಿಲೀಂಧ್ರ ಅಂದರೆ ಸಾಕು. ಕೈದೋಟ ಮಾಡುವವರು ಒಂದು ಪ್ಯಾಕೆಟ್ ಆದರೂ ತಂದಿರುತ್ತೀರಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಡಾ. ಡಿ.ಜೆ. ಭಾಗ್ಯರಾಜ್ ಅವರಂಥವರು ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಆದರೂ ನಮ್ಮ ಬೀದಿಗೆ ಅದು ಬಂದಿದ್ದು ಬಿಳಿ ಪುಡಿಯ ರೂಪದಲ್ಲಿ, ನಾನೂ ಅದನ್ನು ಗೊಬ್ಬರ ಅಂದುಕೊಂಡೇ ತಂದೆ.

ನನ್ನದು ಹೊಸಕೋಟೆ ಕಡೆ, ಮನೆ ಹಿಂದೆ ಎರಡು ಗುಂಟೆ ಜಾಗ. ಅಪ್ಪಟ ಕೆಂಪು ಮಣ್ಣು. ರಂಜಕ ಎಷ್ಟು ಸುರಿದರೂ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಬಿಡುತ್ತವೆ. ಮೊದಲ ವರ್ಷ ಆರು ಪ್ಯಾಕೆಟ್ ತಂದೆ. ಸುಮಾರು ಒಂಬೈನೂರು ರೂಪಾಯಿ ಹೋಯಿತು. ಗುಂಡಿಗೆ ಒಂದು ಹಿಡಿ ವ್ಯಾಮ್, ಮೇಲೆ ಒಂದು ಹಿಡಿ ಡಿಎಪಿ, ಅಂದರೆ ರಂಜಕ ತುಂಬಿದ ರಾಸಾಯನಿಕ ಗೊಬ್ಬರ. ಎರಡೂ ಇದ್ದರೆ ಜಾಸ್ತಿ ಒಳ್ಳೆಯದು ಅಲ್ವಾ ಅಂತ! ಏನೂ ಆಗಲಿಲ್ಲ. ಹೊಟ್ಟೆ ತುಂಬಿದ ಗಿಡ ಈ ಅತಿಥಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಅದೇ ವರ್ಷ ಎಲೆಕೋಸಿಗೂ ಹಾಕಿದ್ದೆ. ಕೋಸು, ಮೂಲಂಗಿ, ಸಾಸಿವೆ ಕುಲಕ್ಕೂ ಇದಕ್ಕೂ ನಂಟೇ ಇಲ್ಲ. ಸೊಪ್ಪಿನ ಮಡಿಯಲ್ಲಿ ದಂಟು, ಬೀಟ್‌ರೂಟ್ ಕೂಡ ಹಾಗೇ.

ಮೆಣಸಿನ ಸಸಿ ಟ್ರೇಯಲ್ಲಿ ಬುಡ ಕೊಳೆಯೋದು ಶುರುವಾದಾಗ ಕಾರ್ಬೆಂಡಜಿಮ್ ಅನ್ನೋ ಶಿಲೀಂಧ್ರನಾಶಕ ಸುರಿದೆ. ಅದೇ ಟ್ರೇಗೆ ಹಿಂದಿನ ವಾರ ವ್ಯಾಮ್ ಹಾಕಿದ್ದೆ. ಒಂದು ಕೈಯಲ್ಲಿ ಸಾಕಿ ಇನ್ನೊಂದು ಕೈಯಲ್ಲಿ ಕತ್ತು ಹಿಸುಕಿದ ಹಾಗಾಯಿತು.

ಆಮೇಲಿನದು ಹೇಳಲು ನಾಚಿಕೆ. ಟ್ರೈಕೋಡರ್ಮಾ ಅನ್ನೋ ಇನ್ನೊಂದು ಉಪಕಾರಿ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಹೆಚ್ಚಿಸುತ್ತೇವಲ್ಲ, ಇದನ್ನೂ ಹಾಗೇ ಮಾಡೋಣ ಅಂತ ಡ್ರಮ್ಮಿಗೆ ಬೆಲ್ಲ, ಕಡಲೆ ಹಿಟ್ಟು, ಎರಡು ಪ್ಯಾಕೆಟ್ ಪುಡಿ ಹಾಕಿ ಎಂಟು ದಿನ ಕಲಕಿದೆ. ನಾತ ಮೂರು ಮನೆಗೆ ಹೊಡೆಯಿತು. ಜೀವಂತ ಬೇರು ಇಲ್ಲದೆ ಇದು ಹೆಚ್ಚುವುದೇ ಇಲ್ಲ. ಇಷ್ಟೊತ್ತಿಗೆ ನಾಲ್ಕೈದು ಸಾವಿರ ನೀರಿಗೆ ಹೋಗಿತ್ತು.

ಕೊನೆಗೆ ವ್ಯಾಮ್ ಅನ್ನು ನಾನೇ ಬೆಳೆಸೋಣ ಅಂತ ನಿಂತೆ. ಮೊದಲ ಸಲ ಹಳೇ ಟೊಮೆಟೊ ಮಡಿಯ ಮಣ್ಣನ್ನೇ, ಮೊಸರಿಗೆ ಹೆಪ್ಪಿನ ಹಾಗೆ, ವ್ಯಾಮ್‌ನ ಬೀಜವಾಗಿ ತೆಗೆದುಕೊಂಡೆ. ಅದರ ಜೊತೆ ಬೇರಿಗೆ ಗಂಟು ಕಟ್ಟಿಸುವ ಜಂತುಹುಳು ಪುಕ್ಕಟೆ ಬಂತು. ನಲವತ್ತು ಟೊಮೆಟೊ ಗಿಡದ ಬೇರು ತುಂಬಾ ಗಂಟು. ಕಿತ್ತು ಸುಟ್ಟೆ. ಹಾಗಾಗಿ ಎರಡನೇ ಸಲ ಮಣ್ಣನ್ನು ಬೇಯಿಸಿದೆ, ನಿಜವಾಗಲೂ ಬೇಯಿಸಿದೆ. ಬಚ್ಚಲ ಒಲೆಯ ಹಂಡೆಗೆ ನಾಲ್ಕು ಬೆರಳು ನೀರು, ಮೇಲೆ ಇಟ್ಟಿಗೆ, ಅದರ ಮೇಲೆ ತೂತಿನ ತಟ್ಟೆ, ತಟ್ಟೆ ಮೇಲೆ ಗೋಣಿಯಲ್ಲಿ ಜರಡಿ ಹಿಡಿದ ಕೆಂಪು ಮಣ್ಣು ಮತ್ತು ಮರಳು. ಮಣ್ಣಿನ ನಡುವೆ ಒಂದು ಆಲೂಗಡ್ಡೆ ಹುದುಗಿಸಿಟ್ಟೆ. ಆಲೂಗಡ್ಡೆ ಬೆಂದರೆ ಮಣ್ಣೂ ಬೆಂದ ಲೆಕ್ಕ. ಒಂದು ದಿನ ಬಿಟ್ಟು ಮತ್ತೊಂದು ಸಲ. ಹದಿನೈದು ದಿನ ಸ್ನಾನದ ನೀರಿಗೆ ಮಣ್ಣಿನ ವಾಸನೆ ಅಂತ ಮನೆಯವಳು ಬೈದಳು. ಆಲೂಗಡ್ಡೆ ಮಾತ್ರ ರುಚಿಯಾಗಿತ್ತು.

ಮೂಲ ಬೀಜ ಎಲ್ಲಿಂದ ತಂದೆ? ಎಷ್ಟೋ ವರ್ಷದಿಂದ ಗುದ್ದಲಿ, ಗೊಬ್ಬರ ಎರಡೂ ಕಾಣದ ಒಂದು ಹಳೇ ಮರದ ಬುಡದಿಂದ. ಯಾವ ಮರ ಅಂತ ಹೇಳುವುದಿಲ್ಲ. ಹೊಂಗೆ ಅಲ್ಲ, ಅಷ್ಟು ಹೇಳಬಲ್ಲೆ. ತೆಳು ಬೇರು ಸಮೇತ ಎರಡು ಬೊಗಸೆ ಮಣ್ಣು ತಂದು, ಬೆಂದ ಮಣ್ಣಿನ ಮಧ್ಯೆ ಪದರವಾಗಿ ಹಾಕಿ, ಮೇಲೆ ಜೋಳ ಬಿತ್ತಿದೆ. ಮುಂದಿನ ಸಲ ಮುಸುಕಿನ ಜೋಳ, ಆಮೇಲೆ ರಾಗಿ. ನನ್ನ ಓಟು ರಾಗಿಗೆ. ಬೇರು ಕೂದಲಿನ ಹಾಗೆ ದಟ್ಟ, ಕುಂಡದಿಂದ ಕಿತ್ತರೆ ಮಣ್ಣೆಲ್ಲ ಮುದ್ದೆಯಾಗಿ ಬರುತ್ತದೆ. ಮಧ್ಯೆ ಆಹಾರ ಏನು ಕೊಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ರಂಜಕ ಅಂತೂ ಕೊಡುವುದಿಲ್ಲ. ಹೆಚ್ಚುಕಡಿಮೆ ಮೂರು ತಿಂಗಳು. ತೆನೆ ಬಂದ ಮೇಲೆ ನೀರು ನಿಲ್ಲಿಸಿ, ಮೇಲಿನ ಗಿಡ ಕತ್ತರಿಸಿ, ಹತ್ತು ದಿನ ಒಣಗಲು ಬಿಟ್ಟು, ಬೇರನ್ನು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ ಅದೇ ಮಣ್ಣಿಗೆ ಬೆರೆಸುತ್ತೇನೆ. ನಾಲ್ಕು ಕುಂಡದಿಂದ ಮೂವತ್ತು ಕೆಜಿ ಹತ್ತಿರ ಸಿಗುತ್ತದೆ. ಖರ್ಚು ಸೌದೆ ಸೇರಿ ಇನ್ನೂರು ರೂಪಾಯಿ ದಾಟುವುದಿಲ್ಲ.

ಬೇರಿಗೆ ವ್ಯಾಮ್ ಬಂದಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ? ಹೈಸ್ಕೂಲ್ ಮೇಷ್ಟ್ರು ಒಬ್ಬರು ನನ್ನ ಗೆಳೆಯರು. ಅವರ ಹತ್ತಿರ ಭಾನುವಾರಕ್ಕೆ ಮೈಕ್ರೋಸ್ಕೋಪ್ ಸಾಲ ತಂದೆ. ರಾಗಿ ಬೇರನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ನೀರಲ್ಲಿ ಬಿಸಿ ಮಾಡಿ ಬೆಳ್ಳಗೆ ಮಾಡಿದೆ (ಕೈಗವಸು, ಕನ್ನಡಕ ಹಾಕಿಕೊಳ್ಳಿ, ನನ್ನ ಹೆಬ್ಬೆರಳು ಸಿಪ್ಪೆ ಸುಲಿದಿತ್ತು). ಚೆನ್ನಾಗಿ ತೊಳೆದು, ವಿನೆಗರ್‌ಗೆ ಮಗಳ ಫೌಂಟನ್ ಪೆನ್ನಿನ ಕಪ್ಪು ಶಾಯಿ ಬೆರೆಸಿ ಮೂರು ನಿಮಿಷ ಕುದಿಸಿದೆ. ದುಬಾರಿ ಬಣ್ಣ ಏನೂ ಬೇಡ. ಮೊದಲ ಮೂರು ಚೂರಲ್ಲಿ ಏನೂ ಇಲ್ಲ. ನಾಲ್ಕನೆಯದರಲ್ಲಿ ಬೇರಿನ ಉದ್ದಕ್ಕೂ ನೀಲಿ ದಾರಗಳು, ಅಲ್ಲಲ್ಲಿ ಬೂಂದಿ ಕಾಳಿನಂಥ ಗುಂಡುಗಳು. ಮೇಷ್ಟ್ರಿಗೆ ಫೋನ್ ಮಾಡಿ ಕಿರುಚಿದೆ.

ಪರೀಕ್ಷೆಗೆ 60 ಮೆಣಸಿನ ಸಸಿ ನೆಟ್ಟೆ, ಮೂವತ್ತಕ್ಕೆ ವ್ಯಾಮ್, ಮೂವತ್ತಕ್ಕೆ ಇಲ್ಲ. ಮೊದಲ ಎರಡು ಮೂರು ವಾರ ವ್ಯಾಮ್ ಹಾಕಿದ್ದೇ ಗಿಡ್ಡ! ಬೇರಿನಲ್ಲಿ ಮನೆ ಮಾಡುವ ಹೊತ್ತಿಗೆ ಅದು ಗಿಡದ ಸಕ್ಕರೆಯನ್ನೇ ತಿನ್ನುತ್ತದೆ. ಹಿರಿಯರು ದಿನಾ ಕಾಂಪೌಂಡ್ ಹತ್ತಿರ ಬಂದು ನಗುತ್ತಿದ್ದರು. ಐದನೇ ವಾರ ಎರಡೂ ಸಮ, ಆಮೇಲೆ ನನ್ನದೇ ಮುಂದೆ. ಮಾರ್ಚಿನಲ್ಲಿ ಮೋಟಾರ್ ಸುಟ್ಟು ಎಂಟೊಂಬತ್ತು ದಿನ ನೀರಿಲ್ಲ. ಹಾಕದ ಸಾಲಿನಲ್ಲಿ ಹದಿನೇಳೋ ಹದಿನೆಂಟೋ ಗಿಡ ಹೋದವು, ಹಾಕಿದ ಸಾಲಿನಲ್ಲಿ ನಾಲ್ಕು. ಡೈರಿ ಇಟ್ಟಿಲ್ಲ, ನೆನಪಿನ ಲೆಕ್ಕ. ಹಸಿ ಮೆಣಸಿನಕಾಯಿ ಒಂದು ಕಡೆ ಇಪ್ಪತ್ತೆರಡು ಕೆಜಿ ಹತ್ತಿರ, ಇನ್ನೊಂದು ಕಡೆ ಹತ್ತೂ ಇಲ್ಲ.

ಆ ಹುರುಪಿನಲ್ಲಿ ಸಿಕ್ಕಿದ್ದಕ್ಕೆಲ್ಲ ಹಾಕಿದೆ. ಚೆಂಡು ಹೂ ಬೇಗ ಅರಳಿತು. ಗುಲಾಬಿ ಕಡ್ಡಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆರ್ಕಿಡ್‌ಗೂ ಹಾಕಿದ್ದು ಸುಮ್ನೆ ದಂಡ, ಅದರ ನೆಂಟ ಬೇರೆಯೇ ಶಿಲೀಂಧ್ರ. ಆದರೆ ಈರುಳ್ಳಿ! ಅದರ ಬೇರಿಗೆ ರೋಮ ತೀರಾ ಕಡಿಮೆ, ಹಾಗಾಗಿ ಈ ದಾರಗಳೇ ಅದಕ್ಕೆ ಕೈಕಾಲು. ಗಡ್ಡೆ ನೋಡಿ ತಂಗಿ, ಅಂಗಡಿಯಿಂದ ತಂದಿದ್ದಾ ಅಂತ ಕೇಳಿದಳು. ಈಗ ಡಿಎಪಿ ಚೀಲ ತರುವುದು ಬಿಟ್ಟು ಎರಡು ವರ್ಷವಾಯಿತು.

ಹಿರಿಯರ ಪೇಂಟ್ ಡಬ್ಬಕ್ಕೆ ಎರಡು ಸೇರು ತುಂಬಿಸಿಕೊಟ್ಟೆ. ಒಂದು ತಿಂಗಳು ಡಿಎಪಿ ಮುಟ್ಟಬೇಡಿ, ಬೇರಿಗೆ ತಾಗುವ ಹಾಗೆ ಹಾಕಿ ಅಂತ ಎರಡೆರಡು ಸಲ ಹೇಳಿದೆ. ತಲೆ ಆಡಿಸಿ ಹೋದರು. ಮೊನ್ನೆ ಸಿಕ್ಕಾಗ ಮುಖ ಗಂಟಿಕ್ಕಿಕೊಂಡು, "ನಿಮ್ಮ ಮಣ್ಣು ಏನೂ ಕೆಲಸ ಮಾಡ್ಲಿಲ್ಲ ಕಣ್ರೀ" ಅಂದರು.

"ಯಾವುದಕ್ಕೆ ಹಾಕಿದ್ರಿ?"

"ಹೂಕೋಸಿಗೆ."